1946ರ ಹಸ್ತಲಾಘವದ ಫೋಟೊ ಒಂದು ಸಿಕ್ಕಿದೆ: ಇಟ್ಟುಕೊಳ್ಳಲೇ, ಮಾರಲೇ?

ಜರ್ಸಿತೀರ

ಎಲ್ಲರಿಗೂ ನಮಸ್ಕಾರ. ಹದಿನಾಲ್ಕು ವರ್ಷಗಳಿಂದ ನ್ಯೂಜರ್ಸಿಯ ಜರ್ಸಿ ಸಿಟಿಯಲ್ಲಿ ವಾಸವಾಗಿದ್ದೇನೆ. ಮಗಳು ಶಾಲೆಯ ಸಾಫ್ಟ್‌ಬಾಲ್ ತಂಡ ಸೇರಿದ ಮೇಲೆ ನನಗೂ ಬೇಸ್‌ಬಾಲ್ ಹತ್ತಿರವಾಯಿತು. ಆಟಕ್ಕಿಂತ ಹೆಚ್ಚಾಗಿ ಅದರ ಹಳೆಯ ಛಾಯಾಚಿತ್ರಗಳು ನನ್ನನ್ನು ಹಿಡಿದಿಟ್ಟುಕೊಂಡಿವೆ. ಕಳೆದ ತಿಂಗಳು, ತೀರಿಹೋದ ಹಿರಿಯರೊಬ್ಬರ ಮನೆಯ ಸಾಮಾನುಗಳನ್ನು ಮಾರುತ್ತಿದ್ದ ಕಡೆ, ಹಳೆಯ ಪತ್ರಿಕೆಗಳಿದ್ದ ರಟ್ಟಿನ ಪೆಟ್ಟಿಗೆಯ ತಳದಲ್ಲಿ ಒಂದು ಕಪ್ಪು ಬಿಳುಪು ಫೋಟೊ ಸಿಕ್ಕಿತು. 40 ಡಾಲರ್ ಕೊಟ್ಟು ತಂದೆ.

ಚಿತ್ರ ನಿಮ್ಮಲ್ಲಿ ಹಲವರಿಗೆ ಗೊತ್ತಿರುವಂಥದ್ದೇ. 1946ರ ಏಪ್ರಿಲ್ 18ರಂದು ಇದೇ ಊರಿನ ರೂಸ್ವೆಲ್ಟ್ ಸ್ಟೇಡಿಯಂನಲ್ಲಿ ಬ್ರೂಕ್ಲಿನ್ ಡಾಡ್ಜರ್ಸ್‌ನ ಕೆಳಹಂತದ ತಂಡವಾದ ಮಾಂಟ್ರಿಯಲ್ ರಾಯಲ್ಸ್ ಪರವಾಗಿ ಮೊದಲ ಪಂದ್ಯ ಆಡಿದ ಜಾಕಿ ರಾಬಿನ್‌ಸನ್, ಮೂರನೇ ಇನಿಂಗ್ಸ್‌ನಲ್ಲಿ ಚೆಂಡನ್ನು ಮೈದಾನದಾಚೆ ಅಟ್ಟಿ ಮೂರು ರನ್‌ಗಳ ಹೋಮ್‌ರನ್ ಹೊಡೆದು, ಮೂರು ಬೇಸ್‌ಗಳನ್ನೂ ಸುತ್ತಿ, ಓಟ ಮುಗಿಯುವ ಹೋಮ್ ಪ್ಲೇಟ್ ಮುಟ್ಟುತ್ತಿದ್ದಾರೆ. ಮುಂದಿನ ಬ್ಯಾಟರ್ ಆಗಿದ್ದ ಬಿಳಿಯ ಆಟಗಾರ ಜಾರ್ಜ್ ಶೂಬಾ ಕೈ ಚಾಚಿ ಅವರ ಕೈ ಹಿಡಿದಿದ್ದಾರೆ. ಕರಿಯರನ್ನು ದಶಕಗಳ ಕಾಲ ಹೊರಗಿಟ್ಟಿದ್ದ ವೃತ್ತಿಪರ ಲೀಗುಗಳ ವ್ಯವಸ್ಥೆಯೊಳಗೆ ಕರಿಯ ಆಟಗಾರರೊಬ್ಬರು ಕಾಲಿಟ್ಟ ದಿನ ಅದು. ಬ್ರೂಕ್ಲಿನ್ ಡಾಡ್ಜರ್ಸ್ ಪರ ಅವರು ಅತ್ಯುನ್ನತ ಹಂತವಾದ ಮೇಜರ್ ಲೀಗಿಗೆ ಬಂದದ್ದು ಅದರ ಮರುವರ್ಷ, 1947ರ ಏಪ್ರಿಲ್ 15ರಂದು.

ನನ್ನ ಪ್ರತಿಯ ಸ್ಥಿತಿ ಅಷ್ಟು ಚೆನ್ನಾಗಿಲ್ಲ. ಮೇಲೆ ಕೆಂಪು ಮೇಣದ ಪೆನ್ಸಿಲ್ಲಿನ ಗೆರೆಗಳಿವೆ, ಒಂದು ಮೂಲೆ ಮಡಚಿದೆ, ಹಿಂಬದಿಯಲ್ಲಿ ಮಸುಕಾದ ರಬ್ಬರ್ ಠಸ್ಸೆಗಳೂ ಅಂಟಿಸಿದ ಎರಡು ಪತ್ರಿಕಾ ತುಣುಕುಗಳೂ ಇವೆ. ಪರಿಚಿತ ವ್ಯಾಪಾರಿಯೊಬ್ಬರು, ಇದನ್ನು ಮಾರಿ ಸ್ವಲ್ಪ ಹಣ ಸೇರಿಸಿ ‘ಟೈಪ್ 1’ ಪ್ರತಿ ಯಾವುದಾದರೂ ಕೊಳ್ಳಿ ಎಂದು ಸಲಹೆ ಕೊಟ್ಟರು. ತಿಳಿದವರು ಹೇಳಬೇಕು: ಐತಿಹಾಸಿಕ ಮಹತ್ವ ಎನ್ನುವುದು ಚಿತ್ರದಲ್ಲಿದೆಯೋ, ಅದು ಅಚ್ಚಾದ ಕಾಗದದಲ್ಲಿದೆಯೋ?

ಗಾಜುಫಲಕ

ಒಳ್ಳೆಯ ಪ್ರಶ್ನೆ. ಇಪ್ಪತ್ತೆರಡು ವರ್ಷಗಳಿಂದ ಶಿಕಾಗೊ ಸುತ್ತಮುತ್ತಲ ಹರಾಜುಗಳಿಗೆ ಹೋಗುತ್ತಿರುವವನಾಗಿ ನನಗೆ ತಿಳಿದಷ್ಟನ್ನು ಹೇಳುತ್ತೇನೆ.

ಮೊದಲು ‘ಟೈಪ್’ ಎಂದರೇನೆಂದು ಹೊಸಬರಿಗಾಗಿ ಬಿಡಿಸಿ ಹೇಳಬೇಕು. ಮೂಲ ನೆಗೆಟಿವ್‌ನಿಂದಲೇ, ಚಿತ್ರ ತೆಗೆದ ಸುಮಾರು ಎರಡು ವರ್ಷಗಳೊಳಗೆ ಅಚ್ಚಾದ ಪ್ರತಿ ಟೈಪ್ 1. ಅದೇ ಮೂಲ ನೆಗೆಟಿವ್‌ನಿಂದ ವರ್ಷಗಳ ನಂತರ ಅಚ್ಚಾಗಿದ್ದರೆ ಟೈಪ್ 2. ಮೂಲ ನೆಗೆಟಿವ್ ಅಲ್ಲದೆ ಅದರ ನಕಲಿನಿಂದಲೋ ತಂತಿಯ ಮೂಲಕ ಬಂದ ಚಿತ್ರದಿಂದಲೋ ಆ ಎರಡು ವರ್ಷಗಳ ಅವಧಿಯಲ್ಲೇ ಅಚ್ಚಾಗಿದ್ದರೆ ಟೈಪ್ 3, ಬಹಳ ತಡವಾಗಿ ಅಚ್ಚಾಗಿದ್ದರೆ ಟೈಪ್ 4. ಈ ವಿಂಗಡಣೆ ಬಂದದ್ದು ಈಚೆಗೆ. ಸಂಗ್ರಾಹಕರೂ ಹರಾಜು ಸಂಸ್ಥೆಗಳೂ ದೃಢೀಕರಣ ಸಂಸ್ಥೆಗಳೂ ಇಂದು ಮಾತನಾಡುವುದು ಈ ಭಾಷೆಯಲ್ಲೇ.

ಎರಡು ವರ್ಷವೆಂಬ ಗಡಿಯ ಹಿಂದಿನ ಆಲೋಚನೆ ನನಗೆ ಸರಿ ಎನಿಸುತ್ತದೆ. ಛಾಯಾಗ್ರಾಹಕ ತಾನು ಕಂಡದ್ದನ್ನು ಇನ್ನೂ ಮರೆಯದೆ, ಆಗಿನ ಕಾಗದ ಮತ್ತು ಆಗಿನ ರಾಸಾಯನಿಕ ಬಳಸಿ, ತನ್ನ ಕತ್ತಲ ಕೋಣೆಯಲ್ಲಿ ತೆಗೆದ ಪ್ರತಿಯೇ ಆ ಗಳಿಗೆಗೆ ಅತಿ ಸಮೀಪದ ವಸ್ತು. ಚಾರ್ಲ್ಸ್ ಕಾನ್ಲನ್ ಅವರನ್ನೇ ನೆನೆಯಿರಿ. ನ್ಯೂಯಾರ್ಕಿನ ಒಂದು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದ ಅವರು 1904ರಿಂದ 1942ರವರೆಗೆ ಬಿಡುವಿನ ವೇಳೆಯಲ್ಲಿ ಮೈದಾನಕ್ಕೆ ಹೋಗಿ ಗಾಜಿನ ಫಲಕಗಳ ಮೇಲೆ ಆಟಗಾರರ ಮುಖಗಳನ್ನೂ, ಚೆಂಡು ಹಿಡಿದ ಬೆರಳುಗಳನ್ನೂ, ಕಾಲಿನ ನಿಲುವುಗಳನ್ನೂ ದಾಖಲಿಸಿದರು. 1910ರಲ್ಲಿ ನ್ಯೂಯಾರ್ಕಿನ ಹಿಲ್‌ಟಾಪ್ ಪಾರ್ಕ್ ಮೈದಾನದಲ್ಲಿ ಹೆಸರಾಂತ ಬ್ಯಾಟರ್ ಟೈ ಕಾಬ್ ಮೂರನೇ ಬೇಸಿಗೆ ಹಲ್ಲು ಕಚ್ಚಿ ಜಾರಿ ಬಂದಾಗ ಮಣ್ಣು ಚಿಮ್ಮಿ, ಬೇಸ್ ಕಾಯುತ್ತಿದ್ದ ಜಿಮ್ಮಿ ಆಸ್ಟಿನ್ ಆಯತಪ್ಪಿದರು. ಆಸ್ಟಿನ್‌ಗೆ ಪೆಟ್ಟಾಯಿತೇನೋ ಎಂಬ ಕಾಳಜಿಯಲ್ಲಿದ್ದ ಕಾನ್ಲನ್, ತಾನು ಗುಂಡಿ ಒತ್ತಿದೆನೋ ಇಲ್ಲವೋ ಎಂಬುದೇ ತಿಳಿಯದೆ, ಇರಲಿ ಎಂದು ಫಲಕ ಬದಲಿಸಿಕೊಂಡರು. ಮರುದಿನ ಫಲಕಗಳನ್ನು ಸಂಸ್ಕರಿಸಿದಾಗಲೇ ಚಿತ್ರ ಸಿಕ್ಕಿದ್ದು ಗೊತ್ತಾಯಿತು ಎಂದು ಅವರೇ ಹೇಳಿದ್ದಾರೆ. ಬೇಸ್‌ಬಾಲಿನ ಅತ್ಯಂತ ಪ್ರಸಿದ್ಧ ಕ್ರಿಯಾಚಿತ್ರಗಳಲ್ಲಿ ಅದೂ ಒಂದು. ಅದೇ ಫಲಕದಿಂದ ಆ ಕಾಲದಲ್ಲೇ ತೆಗೆದ ಪ್ರತಿಯನ್ನು ಕೈಯಲ್ಲಿ ಹಿಡಿದರೆ ಮಣ್ಣಿನ ಒಂದೊಂದು ಹೆಂಟೆಯೂ ಎಣಿಸುವಂತೆ ಕಾಣುತ್ತದೆ. ಮರುಮುದ್ರಣಗಳಲ್ಲಿ ಆ ವಿವರ ಮಬ್ಬಾಗುತ್ತದೆ.

ನಿಮ್ಮ ಪ್ರತಿಯ ಬಗ್ಗೆ ನಾಲ್ಕು ಸಂಗತಿ ಪರೀಕ್ಷಿಸಿ ತಿಳಿಸಿ. ಭೂತಗನ್ನಡಿಯಲ್ಲಿ ನೋಡಿದರೆ ಚಿತ್ರದ ಮೇಲೆ ಸೂಕ್ಷ್ಮವಾದ ಸಮಾನಾಂತರ ಗೆರೆಗಳಿವೆಯೇ? ಅಡಿಬರಹ ಬೇರೆ ಕಾಗದದಲ್ಲಿ ಅಂಟಿಸಿದ್ದೋ, ಚಿತ್ರದ ಜೊತೆಗೇ ಅಚ್ಚಾದದ್ದೋ? ಕತ್ತಲಲ್ಲಿ ಅತಿನೇರಳೆ ದೀಪ ಹಿಡಿದರೆ ಕಾಗದ ನೀಲಿಯಾಗಿ ಹೊಳೆಯುತ್ತದೆಯೇ? ಠಸ್ಸೆಗಳಲ್ಲಿ ಯಾವ ಸುದ್ದಿಸಂಸ್ಥೆಯ ಹೆಸರಿದೆ? ಕೊನೆಯದು ಬಹಳ ಉಪಯುಕ್ತ. ಉದಾಹರಣೆಗೆ ‘ಯುಪಿಐ’ (ಯುನೈಟೆಡ್ ಪ್ರೆಸ್ ಇಂಟರ್‌ನ್ಯಾಷನಲ್) ಎಂಬ ಸುದ್ದಿಸಂಸ್ಥೆಯ ಹೆಸರು ಹುಟ್ಟಿದ್ದೇ 1958ರಲ್ಲಿ, ಯುನೈಟೆಡ್ ಪ್ರೆಸ್ ಮತ್ತು ಇಂಟರ್‌ನ್ಯಾಷನಲ್ ನ್ಯೂಸ್ ಸರ್ವಿಸ್ ವಿಲೀನವಾದಾಗ. ಆ ಠಸ್ಸೆಯೊಂದೇ ಇರುವ ಪ್ರತಿಯನ್ನು ಯಾರಾದರೂ 1946ರದೆಂದು ಮಾರಲು ಬಂದರೆ ಕೈಮುಗಿದು ಎದ್ದು ಬನ್ನಿ.

ಜಯನಗರದ ಓದುಗ

ಬೆಂಗಳೂರಿನಿಂದ ಓದುತ್ತಿದ್ದೇನೆ. ನನ್ನದು ಸಂಗ್ರಾಹಕನ ಪ್ರಶ್ನೆಯಲ್ಲ, ದಯವಿಟ್ಟು ತಪ್ಪು ತಿಳಿಯಬೇಡಿ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಜಾಲತಾಣದಲ್ಲಿ ಇಂಥ ಸಾವಿರಾರು ಬೇಸ್‌ಬಾಲ್ ಚಿತ್ರಗಳು, ಮೂಲ ಗಾಜಿನ ನೆಗೆಟಿವ್‌ನಿಂದ ತೆಗೆದ ಅತಿ ಸ್ಪಷ್ಟ ಕಡತಗಳಾಗಿ, ಉಚಿತವಾಗಿ ಸಿಗುತ್ತವೆ. ನಾನೇ ಹಳೆಯ ಕಾಲದ ಚೆಂಡೆಸೆತಗಾರ ಕ್ರಿಸ್ಟಿ ಮ್ಯಾಥ್ಯೂಸನ್ ಅವರ ಚಿತ್ರವೊಂದನ್ನು ಇಳಿಸಿಕೊಂಡು ಗೋಡೆಗೆ ಹಾಕಿದ್ದೇನೆ. ವಿವರದ ಸ್ಪಷ್ಟತೆಯೇ ಮುಖ್ಯವಾದರೆ ನೂರು ವರ್ಷದ ಹಳೆಯ ಕಾಗದಕ್ಕೆ ಸಾವಿರಾರು ಡಾಲರ್ ಕೊಡುವುದೇಕೆ?

ಮೂರುನದಿ

ಜಯನಗರದ ಓದುಗರೇ, ನೀವು ಹೇಳಿದ ಸಂಗ್ರಹದ ಬಹುಭಾಗ ಜಾರ್ಜ್ ಗ್ರಾಂಥಮ್ ಬೇನ್ ಅವರ ಸುದ್ದಿಚಿತ್ರ ಸಂಸ್ಥೆಯದು. ಸುಮಾರು 40,000 ಗಾಜಿನ ನೆಗೆಟಿವ್‌ಗಳನ್ನೂ 50,000 ಪ್ರತಿಗಳನ್ನೂ ಲೈಬ್ರರಿ ಆಫ್ ಕಾಂಗ್ರೆಸ್ 1948ರಲ್ಲಿ ಕೊಂಡುಕೊಂಡಿತು. 2008ರಿಂದ ಅವು ಸಾರ್ವಜನಿಕರ ಮುಂದೆ ಬಂದ ಮೇಲೆ, ಅಪರಿಚಿತ ಆಸಕ್ತರು ಹಳೆಯ ಪತ್ರಿಕೆಗಳನ್ನು ಹುಡುಕಿ, ಟೊಪ್ಪಿಯ ಮೇಲಿನ ಅಕ್ಷರ, ಹಿಂದಿನ ಜಾಹೀರಾತು ಫಲಕ, ನೆರಳಿನ ದಿಕ್ಕು ಎಲ್ಲವನ್ನೂ ನೋಡಿ ತಪ್ಪು ಹೆಸರುಗಳನ್ನು ತಿದ್ದಿದ್ದಾರೆ. ನನ್ನ ಕಣ್ಣಿಗೆ ಅದೂ ಸಂಗ್ರಹಕಾರ್ಯವೇ.

ಆದರೆ ಪರದೆಯ ಮೇಲಿನ ಕಡತಕ್ಕೆ ಹಿಂಬದಿ ಇರುವುದಿಲ್ಲ. ನಾನು ಪಿಟ್ಸ್‌ಬರ್ಗ್‌ನಲ್ಲಿ ಕಾಗದ ಮತ್ತು ಛಾಯಾಚಿತ್ರಗಳ ಸಂರಕ್ಷಣೆಯ ಕೆಲಸ ಮಾಡುವವಳು. ಯಾವ ಪತ್ರಿಕಾ ಫೋಟೊ ಕೈಗೆ ಬಂದರೂ ಮೊದಲು ಮಗುಚಿ ನೋಡುತ್ತೇನೆ. ಚಿತ್ರವನ್ನು ಯಾರು ಕಳಿಸಿದರು, ಯಾವ ದಿನ ತಲುಪಿತು, ಎಷ್ಟು ಅಂಕಣದ ಅಗಲಕ್ಕೆ ಇಳಿಸಿದರು, ಯಾವ ಸಂಚಿಕೆಗೆ ಹೋಯಿತು, ಮತ್ತೆ ಎಂದು ಕಪಾಟಿನಿಂದ ಹೊರಬಂತು ಎಂಬುದೆಲ್ಲ ಅಲ್ಲಿರುತ್ತದೆ. ಮುಂಬದಿಯಲ್ಲಿರುವುದು ಆಟಗಾರನ ಒಂದು ಕ್ಷಣ. ಹಿಂಬದಿಯಲ್ಲಿರುವುದು ಆ ಕ್ಷಣವನ್ನು ಜನರ ಮುಂದೆ ಇಟ್ಟವರ, ಅಥವಾ ಇಡದೆ ಹೋದವರ, ಹಲವು ವರ್ಷಗಳ ನಿರ್ಧಾರಗಳು. ಗಾಜುಫಲಕ ಅವರು ಹಿಂಬದಿಯನ್ನು ಕಾಲನಿರ್ಣಯಕ್ಕೆ ಬಳಸುತ್ತಾರೆ. ಅದು ಸರಿಯೇ, ಆದರೆ ಅಷ್ಟಕ್ಕೇ ನಿಲ್ಲಿಸಬಾರದು ಎಂಬುದು ನನ್ನ ವಿನಂತಿ.

ಟೈಪ್‌ಗಳ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಅದು ಯಾರ ಚಿತ್ರಗಳನ್ನು ತೆಗೆಯಲಾಯಿತು, ಯಾರ ಪ್ರತಿಗಳನ್ನು ಉಳಿಸಲಾಯಿತು ಎಂಬುದನ್ನೇ ಅವಲಂಬಿಸಿದೆ. ದೊಡ್ಡ ಸುದ್ದಿಸಂಸ್ಥೆಗಳ ಛಾಯಾಗ್ರಾಹಕರು ಯಾಂಕೀಸ್ ಆಟಗಾರರ ಸಾವಿರಾರು ಚಿತ್ರ ತೆಗೆದ ಅದೇ ವರ್ಷಗಳಲ್ಲಿ, ನಮ್ಮ ಊರಿನ ಹೋಮ್‌ಸ್ಟೆಡ್ ಗ್ರೇಸ್, ಪಿಟ್ಸ್‌ಬರ್ಗ್ ಕ್ರಾಫರ್ಡ್ಸ್ ತಂಡಗಳನ್ನು, ಅಂದರೆ ನೀಗ್ರೊ ಲೀಗ್ ಎಂದು ಕರೆಯುತ್ತಿದ್ದ ಕರಿಯರ ಲೀಗಿನ ತಂಡಗಳನ್ನು, ನಿರಂತರವಾಗಿ ಚಿತ್ರಿಸಿದ್ದು ಮುಖ್ಯವಾಗಿ ಕರಿಯರ ಪತ್ರಿಕೆಗಳು. ಪಿಟ್ಸ್‌ಬರ್ಗ್ ಕೊರಿಯರ್ ಪತ್ರಿಕೆಯ ಚಾರ್ಲ್ಸ್ ‘ಟೀನಿ’ ಹ್ಯಾರಿಸ್ ಅವರ ಸುಮಾರು 80,000 ನೆಗೆಟಿವ್‌ಗಳನ್ನು ಕಾರ್ನೆಗಿ ಕಲಾ ಸಂಗ್ರಹಾಲಯ 2001ರಲ್ಲಿ ಪಡೆಯಿತು. ಬಹುಪಾಲು ಚಿತ್ರಗಳಿಗೆ ವಿವರವೇ ಇರಲಿಲ್ಲ. ಊರಿನ ಹಿರಿಯರನ್ನು ಕರೆದು ತೋರಿಸಿ, ಇವರು ಯಾರು, ಇದು ಯಾವ ಬೀದಿ ಎಂದು ಕೇಳಿ ಹೆಸರುಗಳನ್ನು ಕೂಡಿಸಲಾಯಿತು. ಒಂದು ಹೆಸರು ಸಿಕ್ಕಿದಾಗ ಆ ಹಿರಿಯರ ಮುಖ ಹೇಗಾಗುತ್ತದೆ ಎಂಬುದನ್ನು ಕಂಡವರು, ‘ಪ್ರತಿಯ ಸ್ಥಿತಿ ಸಾಧಾರಣ’ ಎಂಬ ಹರಾಜಿನ ಒಕ್ಕಣೆಯನ್ನು ಮತ್ತೆ ಅದೇ ಮನಸ್ಸಿನಿಂದ ಓದಲಾರರು.

ಈ ಎರಡೂ ತಂಡಗಳಿಗೆ ಆಡಿದ ಹೆಸರಾಂತ ಬ್ಯಾಟರ್ ಜಾಶ್ ಗಿಬ್ಸನ್ ತೀರಿಕೊಂಡದ್ದು 1947ರ ಜನವರಿ 20ರಂದು, 35ನೇ ವಯಸ್ಸಿನಲ್ಲಿ. ರಾಬಿನ್‌ಸನ್ ಬ್ರೂಕ್ಲಿನ್‌ನಲ್ಲಿ ಮೈದಾನಕ್ಕಿಳಿಯಲು ಇನ್ನೂ ಮೂರು ತಿಂಗಳಿತ್ತು. 2024ರಲ್ಲಿ ಮೇಜರ್ ಲೀಗ್ ತನ್ನ ಅಧಿಕೃತ ದಾಖಲೆಗಳಲ್ಲಿ ಈ ಲೀಗುಗಳ ಅಂಕಿಗಳನ್ನು ಸೇರಿಸಿಕೊಂಡಾಗ, ಜೀವಮಾನದ ಬ್ಯಾಟಿಂಗ್ ಸರಾಸರಿಯಲ್ಲಿ ಗಿಬ್ಸನ್ ಅವರ .372, ಕಾಬ್ ಅವರ .367ನ್ನು ಹಿಂದೆ ಹಾಕಿತು. ಮೇಲೆ ಕಾಬ್ ಅವರ ಚಿತ್ರದ ಮಾತು ಬಂದುದರಿಂದ ಇದನ್ನು ನೆನಪಿಸುತ್ತಿದ್ದೇನೆ. ಆಡುತ್ತಿರುವ ಗಿಬ್ಸನ್ ಅವರ ಚಿತ್ರಗಳು ಎಷ್ಟು ವಿರಳವೆಂಬುದನ್ನು ಹುಡುಕಿ ನೋಡಿದವರೇ ಬಲ್ಲರು.

ಚಾರ್ಲ್ಸ್‌ದಂಡೆ

ಬಾಸ್ಟನ್‌ನಿಂದ ಒಂದು ಎಚ್ಚರಿಕೆ. ಇಟ್ಟುಕೊಳ್ಳುವುದು, ಮಾರುವುದು ಎರಡಕ್ಕೂ ಮೊದಲು, ಆ ಫೋಟೊ ಆ ಹಿರಿಯರ ಮನೆಗೆ ಹೇಗೆ ಬಂತೆಂದು ವಿಚಾರಿಸಿ.

ಇಲ್ಲಿ ಮೈಕೆಲ್ ಮೆಕ್‌ಗ್ರೀವಿ ಎಂಬವರ ಪಾನಗೃಹವೊಂದಿತ್ತು. ಮನೆಗೆ ಹೋಗುವ ಮುನ್ನ ನಿಲ್ಲುವ ಕೊನೆಯ ತಾಣವೆಂದು ಅದಕ್ಕೆ ‘ಮೂರನೇ ಬೇಸ್’ ಎಂದೇ ಹೆಸರು. 1903ರ ಮೊದಲ ವಿಶ್ವ ಸರಣಿಯ ಕಾಲದ ಬಾಸ್ಟನ್ ಅಭಿಮಾನಿಗಳ ಮುಂದಾಳು ಅವರು. ಗೋಡೆಯ ತುಂಬ ತಾವು ತೂಗುಹಾಕಿದ್ದ ಬೇಸ್‌ಬಾಲ್ ಫೋಟೊಗಳನ್ನು, ಪಾನನಿಷೇಧ ಬಂದು ಅಂಗಡಿ ಮುಚ್ಚಿದ ಮೇಲೆ, 1920ರ ದಶಕದಲ್ಲಿ ಬಾಸ್ಟನ್ ಸಾರ್ವಜನಿಕ ಗ್ರಂಥಾಲಯಕ್ಕೆ ದಾನ ಕೊಟ್ಟರು. ಸಾರ್ವಜನಿಕರದಾದ ಆ ಸಂಗ್ರಹದಿಂದ ಮುಂದೆ ಹಲವು ಚಿತ್ರಗಳು ಕಳುವಾಗಿ ಖಾಸಗಿ ಮಾರುಕಟ್ಟೆಗೆ ಸೇರಿದವು. ನ್ಯೂಯಾರ್ಕ್ ಸಾರ್ವಜನಿಕ ಗ್ರಂಥಾಲಯಕ್ಕೆ 1921ರಲ್ಲಿ ಬಂದ, ಹಳೆಯ ಆಟಗಾರ ಆಲ್ಬರ್ಟ್ ಸ್ಪಾಲ್ಡಿಂಗ್ ಅವರ ಸಂಗ್ರಹಕ್ಕೂ ಅದೇ ಗತಿಯಾಯಿತು. 19ನೇ ಶತಮಾನದ ಅಪರೂಪದ ಭಾವಚಿತ್ರಗಳು ಅಲ್ಲಿಂದ ಕಾಣೆಯಾದವು. ಕೆಲವು ಮರಳಿ ಬಂದಿವೆ, ಎಲ್ಲವೂ ಬಂದಿಲ್ಲ.

ಆದ್ದರಿಂದ ಹಿಂಬದಿಯಲ್ಲಿ ಉಜ್ಜಿ ಅಳಿಸಿದ ಗುರುತು, ಚೌಕಾಕಾರವಾಗಿ ಬಿಳುಪಾದ ಜಾಗ, ಕೆರೆದ ಸಂಖ್ಯೆ ಕಂಡರೆ ಕೊಳ್ಳಬೇಡಿ. ಎಷ್ಟೇ ಅಗ್ಗವಾಗಿರಲಿ, ಎಷ್ಟೇ ಸುಂದರವಾಗಿರಲಿ. ಕೊಳ್ಳುವವರಿಲ್ಲದಿದ್ದರೆ ಗ್ರಂಥಾಲಯದಿಂದ ಕದ್ದು ಏನು ಪ್ರಯೋಜನ? ಈ ಮಾತನ್ನು ಸಂಗ್ರಾಹಕರ ಕೂಟಗಳಲ್ಲಿ ಹೇಳಿದಾಗಲೆಲ್ಲ ಮೌನ ಆವರಿಸುವುದನ್ನು ಕಂಡಿದ್ದೇನೆ, ಆದರೂ ಹೇಳುತ್ತೇನೆ.

ನೇತ್ರಾವತಿ

ಮಂಗಳೂರಿನವಳು. ಅಣ್ಣ ಅಮೆರಿಕದಿಂದ ತಂದುಕೊಟ್ಟ ಹತ್ತಾರು ಹಳೆಯ ಪತ್ರಿಕಾ ಫೋಟೊಗಳು ನನ್ನಲ್ಲಿವೆ. ಮೊದಲ ಮಳೆಗಾಲದಲ್ಲೇ ಎರಡಕ್ಕೆ ಬೂಷ್ಟು ಹಿಡಿಯಿತು, ಒಂದು ಚೌಕಟ್ಟಿನ ಗಾಜಿಗೇ ಅಂಟಿಕೊಂಡಿತು. ಗಾಜಿನಿಂದ ಬಿಡಿಸುವ ದಾರಿಯಿದೆಯೇ?

ಮೂರುನದಿ

ಅಕ್ಕಾ, ಎಳೆದು ಬಿಡಿಸಲು ಹೋಗಬೇಡಿ. ಈ ಫೋಟೊಗಳ ಚಿತ್ರ ಇರುವುದು ಕಾಗದದ ಮೇಲಿನ ಜೆಲಟಿನ್ ಪದರದಲ್ಲಿ. ತೇವವಾದಾಗ ಅದು ಮೆತ್ತಗಾಗಿ ಗಾಜಿಗೆ ಹಿಡಿಯುತ್ತದೆ. ಎಳೆದರೆ ಚಿತ್ರವೇ ಗಾಜಿನ ಮೇಲೆ ಉಳಿಯುತ್ತದೆ. ಗಾಜಿನ ಸಮೇತ ಹಾಗೆಯೇ ಒಣ ಜಾಗದಲ್ಲಿಟ್ಟು, ಗಾಜಿನ ಮೂಲಕವೇ ಒಂದು ಒಳ್ಳೆಯ ಪಡಿಯಚ್ಚು ತೆಗೆದುಕೊಳ್ಳಿ. ಬಿಡಿಸುವುದನ್ನು ಸಂರಕ್ಷಣೆ ಕಲಿತವರ ಕೈಗೇ ಬಿಡಬೇಕು. ಉಳಿದವನ್ನು ಚೌಕಟ್ಟಿನಿಂದ ತೆಗೆದು, ಆಮ್ಲರಹಿತ ಕಾಗದದ ಲಕೋಟೆಗಳಲ್ಲಿ ಹಾಕಿ, ಒಳ್ಳೆಯ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆಗಿಟ್ಟು, ಮಳೆಗಾಲದಲ್ಲಿ ಜೆಲ್ ಅನ್ನು ಆಗಾಗ ಬಿಸಿಮಾಡಿ ಒಣಗಿಸುತ್ತಿರಿ. ತೇವಾಂಶ 30ರಿಂದ 50 ಪ್ರತಿಶತದೊಳಗೆ ಇದ್ದರೆ ಬೂಷ್ಟು ಬೆಳೆಯದು. ಪಿವಿಸಿ ಪ್ಲಾಸ್ಟಿಕ್ ಹಾಳೆಗಳ ಆಲ್ಬಂ ಬೇಡ. ಲ್ಯಾಮಿನೇಷನ್ ಎಂದೆಂದಿಗೂ ಬೇಡ.

ಜರ್ಸಿತೀರ

ಎಲ್ಲರಿಗೂ ಕೃತಜ್ಞ. ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ, ಏಕೆಂದರೆ ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿ ನೋಡಿದೆ.

ಭೂತಗನ್ನಡಿಯಲ್ಲಿ ಗೆರೆಗಳು ಸ್ಪಷ್ಟವಾಗಿ ಕಾಣುತ್ತವೆ, ರಾಬಿನ್‌ಸನ್ ಅವರ ಅಂಗಿಯ ಬಿಳಿಯ ಭಾಗದಲ್ಲಂತೂ ಎಣಿಸಬಹುದು. ಅಡಿಬರಹ ಚಿತ್ರದ ಕೆಳಗೆ ಚಿತ್ರದೊಡನೆಯೇ ಅಚ್ಚಾಗಿದೆ, ಕೊನೆಯಲ್ಲಿ ‘ಎಪಿ ವೈರ್‌ಫೋಟೊ’ ಎಂದಿದೆ. ಅತಿನೇರಳೆ ದೀಪದಲ್ಲಿ ಕಾಗದ ಹೊಳೆಯಲಿಲ್ಲ, ಮಂಕಾಗಿಯೇ ಉಳಿಯಿತು. ಠಸ್ಸೆಗಳು ಮಧ್ಯಪಶ್ಚಿಮದ ಊರೊಂದರ ಪತ್ರಿಕೆಯವು. ಮೇಜಿನ ದೀಪವನ್ನು ಓರೆಯಾಗಿ ಹಿಡಿದಾಗ ಮೂರು ತಾರೀಖುಗಳು ಓದಲು ಸಿಕ್ಕವು: 1946ರ ಏಪ್ರಿಲ್ 19, 1947ರ ಏಪ್ರಿಲ್ 11, ಮತ್ತು 1972ರ ಅಕ್ಟೋಬರ್ 25.

ಚಾರ್ಲ್ಸ್‌ದಂಡೆ ಅವರ ಮಾತು ಮನಸ್ಸಿನಲ್ಲಿ ಕೊರೆಯುತ್ತಿದ್ದುದರಿಂದ ಆ ಹಿರಿಯರ ಮಗನಿಗೆ ಪತ್ರ ಬರೆದೆ. ತಂದೆ ಆ ಪತ್ರಿಕೆಯ ಗ್ರಂಥಾಲಯದಲ್ಲಿ ಕೆಲಸದಲ್ಲಿದ್ದರಂತೆ. ಪತ್ರಿಕೆ ಹಳೆಯ ಕಟ್ಟಡ ಬಿಡುವಾಗ ಎಸೆಯಬೇಕೆಂದಿದ್ದ ಫೋಟೊಗಳಲ್ಲಿ ಬೇಕಾದುದನ್ನು ಒಯ್ಯಿರಿ ಎಂದು ಸಿಬ್ಬಂದಿಗೆ ಹೇಳಿದ ಸುತ್ತೋಲೆಯ ಪ್ರತಿಯನ್ನೂ ಅವರು ಜೋಪಾನ ಮಾಡಿದ್ದರು. ಮಗ ಅದನ್ನು ನನಗೆ ಕಳಿಸಿಕೊಟ್ಟರು.

ಗಾಜುಫಲಕ

ಸುತ್ತೋಲೆಯ ಪ್ರತಿ ಸಿಕ್ಕಿದ್ದು ದೊಡ್ಡ ಭಾಗ್ಯ, ಅದನ್ನು ಫೋಟೊದ ಜೊತೆಯಲ್ಲೇ ಇಡಿ.

ಹಾಗಾದರೆ ನಿಮ್ಮದು ಟೈಪ್ 3. ಅಸೋಸಿಯೇಟೆಡ್ ಪ್ರೆಸ್ 1935ರ ಜನವರಿ 1ರಿಂದ ಫೋಟೊಗಳನ್ನು ತಂತಿಯ ಮೂಲಕ ಕಳಿಸುವ ವ್ಯವಸ್ಥೆ ಆರಂಭಿಸಿತು. ಒಂದು ತುದಿಯಲ್ಲಿ ಫೋಟೊವನ್ನು ಉರುಳೆಗೆ ಸುತ್ತಿ ತಿರುಗಿಸುತ್ತ, ಬೆಳಕಿನ ಕಿರಣವೊಂದು ಅದನ್ನು ಸಾಲುಸಾಲಾಗಿ ಓದಿ ವಿದ್ಯುತ್ ಸಂಕೇತವಾಗಿಸುತ್ತದೆ. ಬಾಡಿಗೆಗೆ ಪಡೆದ ದೂರವಾಣಿ ತಂತಿಗಳಲ್ಲಿ ಆ ಸಂಕೇತ ಸಾಗಿ, ಇನ್ನೊಂದು ತುದಿಯ ಉರುಳೆಯ ಮೇಲೆ ಮತ್ತೆ ಬೆಳಕಾಗಿ ಫಿಲ್ಮಿನಲ್ಲಿ ಮೂಡುತ್ತದೆ. ನೀವು ಕಂಡ ಗೆರೆಗಳು ಆ ಸಾಲುಗಳೇ. ಹೊಳೆಯದ ಕಾಗದವೂ 1946ಕ್ಕೆ ಹೊಂದುತ್ತದೆ, ಏಕೆಂದರೆ ಹೊಳಪು ಕೊಡುವ ರಾಸಾಯನಿಕ ಫೋಟೊ ಕಾಗದದಲ್ಲಿ ಸಾಮಾನ್ಯವಾದದ್ದು 1950ರ ದಶಕದಿಂದ ಈಚೆಗೆ. ಆದರೆ ಹೊಳೆಯದ ಕಾಗದವೆಲ್ಲ ಹಳೆಯದೆಂದು ಯಾರೂ ತಿಳಿಯಬಾರದು. ಈ ಪರೀಕ್ಷೆ ಸುಳ್ಳನ್ನು ಹಿಡಿಯುತ್ತದೆಯೇ ಹೊರತು ನಿಜವನ್ನು ಸಾಧಿಸಿ ಕೊಡುವುದಿಲ್ಲ.

ಮಾರುಕಟ್ಟೆಯ ಮಾತು ನೇರವಾಗಿ ಹೇಳಬೇಕು. ಟೈಪ್ 3 ಪ್ರತಿಗೆ ಟೈಪ್ 1ರ ಬೆಲೆಯ ಒಂದು ಸಣ್ಣ ಪಾಲಷ್ಟೇ ಸಿಗುತ್ತದೆ. ಈಗ ದೊಡ್ಡ ಹಣ ಹೋಗುತ್ತಿರುವುದು ಅಪರೂಪದ ಮೂಲಗಳ ಕಡೆಗೆ. ಹಳೆಯ ಆಟಗಾರ ‘ಶೂಲೆಸ್’ ಜೋ ಜಾಕ್ಸನ್ ಸಹಿ ಹಾಕಿದ 1911ರ ಫೋಟೊ 2021ರಲ್ಲಿ 14.7 ಲಕ್ಷ ಡಾಲರಿಗೆ ಹೋಯಿತು. ಓದುಬರಹ ಅಷ್ಟಾಗಿ ಬಾರದ ಅವರು ಸಹಿ ಹಾಕಿದ್ದೇ ವಿರಳ. ಕಾನ್ಲನ್ ಅವರ ಉಳಿದ 7,000ಕ್ಕೂ ಹೆಚ್ಚು ನೆಗೆಟಿವ್‌ಗಳು 2016ರಲ್ಲಿ ಒಟ್ಟಾಗಿ ಸುಮಾರು 18 ಲಕ್ಷ ಡಾಲರಿಗೆ ಹರಾಜಾದವು. 1865ರ ಬ್ರೂಕ್ಲಿನ್ ಅಟ್ಲಾಂಟಿಕ್ಸ್ ತಂಡದ, ಅಂಗೈಯಗಲದ ರಟ್ಟಿಗೆ ಅಂಟಿಸಿದ ಫೋಟೊ ಮೇಯ್ನ್ ರಾಜ್ಯದಲ್ಲಿ, ನಿಮ್ಮದರಂತೆಯೇ ಮನೆ ಸಾಮಾನುಗಳ ನಡುವೆ ಸಿಕ್ಕಿ, 2013ರಲ್ಲಿ 92,000 ಡಾಲರ್ ತಂದಿತು. ಅದರ ಇನ್ನೊಂದು ಪ್ರತಿ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿದೆ.

ಇನ್ನೊಂದು ಉದಾಹರಣೆ ಕೊಡುತ್ತೇನೆ. 1948ರ ಜೂನ್ 13ರಂದು ಯಾಂಕೀ ಸ್ಟೇಡಿಯಂನಲ್ಲಿ ಯಾಂಕೀಸ್ ತಂಡದ ದಂತಕಥೆ ಬೇಬ್ ರೂತ್ ಅವರ 3ನೇ ಸಂಖ್ಯೆಯ ಅಂಗಿಯನ್ನು, ಮುಂದೆ ತಂಡದಲ್ಲಿ ಯಾರೂ ತೊಡದಂತೆ, ನಿವೃತ್ತಿಗೊಳಿಸಿದಾಗ, ಕ್ರೀಡಾ ಛಾಯಾಗ್ರಾಹಕ ಅನಾರೋಗ್ಯದಿಂದ ಬಾರದ ಕಾರಣ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆ ನ್ಯಾಟ್ ಫೈನ್ ಅವರನ್ನು ಕಳಿಸಿತ್ತು. ಛಾಯಾಗ್ರಾಹಕರೆಲ್ಲ ರೂತ್ ಅವರ ಮುಖದ ಕಡೆ ಗುಂಪುಗೂಡಿದ್ದಾಗ ಫೈನ್ ಬೆನ್ನ ಹಿಂದೆ ಹೋದರು. ಆ ಸಂಖ್ಯೆ ಇದ್ದದ್ದು ಅಲ್ಲಿ. ಬ್ಯಾಟನ್ನು ಊರುಗೋಲಾಗಿ ಹಿಡಿದು ಬಾಗಿ ನಿಂತ ರೋಗಪೀಡಿತ ದೇಹ, ಎದುರಿಗೆ ತುಂಬಿದ ಮೈದಾನ. ಎರಡೇ ತಿಂಗಳಲ್ಲಿ ರೂತ್ ತೀರಿಕೊಂಡರು, ಮರುವರ್ಷ ಚಿತ್ರಕ್ಕೆ ಪುಲಿಟ್ಜರ್ ಪ್ರಶಸ್ತಿ ಬಂತು. ಮುಂದೆ ಫೈನ್ ತಾವೇ ಪ್ರತಿಗಳನ್ನು ಅಚ್ಚು ಮಾಡಿ ಸಹಿ ಹಾಕಿ ಕೊಟ್ಟಿದ್ದಾರೆ. ಅವು ಟೈಪ್ 2, ಸುಂದರವಾಗಿವೆ, ಮಧ್ಯಮ ಆದಾಯದವರ ಕೈಗೂ ಎಟುಕಬಹುದು. ನಾನಾಗಿದ್ದರೆ ವೈರ್‌ಫೋಟೊ ಮಾರಿ ಆ ಕಡೆ ಹೊರಳುತ್ತಿದ್ದೆ.

ಚಾರ್ಲ್ಸ್‌ದಂಡೆ

ಒಂದು ವಿಷಯ ಸೇರಿಸುತ್ತೇನೆ. ಪ್ರತಿ ನಿಮ್ಮದಾದರೂ ಹಕ್ಕುಸ್ವಾಮ್ಯ ನಿಮ್ಮದಲ್ಲ. ಪ್ರಕಟವಾಗಿ 95 ವರ್ಷ ದಾಟಿದ ಚಿತ್ರಗಳು ಅಮೆರಿಕದಲ್ಲಿ ಸಾರ್ವಜನಿಕ ಸ್ವತ್ತು. 1946ರ ಚಿತ್ರವನ್ನು ಪುಸ್ತಕದಲ್ಲೋ ಅಂಗಿಯ ಮೇಲೋ ಅಚ್ಚು ಹಾಕುವ ಮೊದಲು ಅದರ ಹಕ್ಕು ಇನ್ನೂ ಉಳಿದಿದೆಯೇ ಎಂದು ವಿಚಾರಿಸಿ, ಉಳಿದಿದ್ದರೆ ಹಕ್ಕುದಾರರನ್ನು ಕೇಳಬೇಕಾಗುತ್ತದೆ.

ಮೂರುನದಿ

ಗಾಜುಫಲಕ ಸರ್, ಬೆಲೆಯ ವಿಷಯದಲ್ಲಿ ನೀವು ಹೇಳಿದ್ದರಲ್ಲಿ ಒಂದಕ್ಷರವೂ ತಪ್ಪಿಲ್ಲ. ಆದರೆ ಫೈನ್ ಅವರ ಸಹಿಯ ಪ್ರತಿ ಮತ್ತೆ ಸಿಗುತ್ತದೆ. ಈ ಮೂರು ತಾರೀಖುಗಳಿರುವ ಹಾಳೆ ಮತ್ತೆ ಸಿಗುವುದಿಲ್ಲ.

ತಾರೀಖುಗಳನ್ನು ಓದಿ ನೋಡಿ. 1946ರ ಏಪ್ರಿಲ್ 19 ಪಂದ್ಯದ ಮರುದಿನ. 1947ರ ಏಪ್ರಿಲ್ 10ರಂದು ಡಾಡ್ಜರ್ಸ್ ತಂಡ ರಾಬಿನ್‌ಸನ್ ಅವರನ್ನು ಮಾಂಟ್ರಿಯಲ್‌ನಿಂದ ತನಗೆ ತೆಗೆದುಕೊಂಡಿರುವುದಾಗಿ ಪ್ರಕಟಿಸಿತು, ಎರಡನೇ ಠಸ್ಸೆ ಅದರ ಮರುದಿನದ್ದು. 1972ರ ಅಕ್ಟೋಬರ್ 24ರಂದು ಅವರು 53ನೇ ವಯಸ್ಸಿಗೆ ತೀರಿಕೊಂಡರು, ಮೂರನೆಯದು ಅದರ ಮರುದಿನದ್ದು. ಒಂದೇ ಹಾಳೆ ಮೂರು ಸಲ ಕಪಾಟಿನಿಂದ ಹೊರಗೆ ಬಂದಿದೆ, ಮೂರು ಬೇರೆ ಬೇರೆ ಸಂಪಾದಕರ ಮೇಜಿನ ಮೇಲೆ ಕುಳಿತಿದೆ.

ಜರ್ಸಿತೀರ ಅವರೇ, ಎರಡು ಕೇಳಿಕೆ. ಅಂಟಿಸಿದ ತುಣುಕುಗಳನ್ನು ಕೀಳದೆ, ಅವು ಯಾವ ವರ್ಷದವು, ಅವುಗಳಲ್ಲಿ ಚಿತ್ರದ ಎಷ್ಟು ಭಾಗ ಅಚ್ಚಾಗಿದೆ ಎಂಬುದನ್ನು ನೋಡಿ, ಮುಂಬದಿಯ ಕೆಂಪು ಗೆರೆಗಳೊಡನೆ ಹೋಲಿಸಿ. ಮತ್ತೆ, ಆ ಪತ್ರಿಕೆಯ ಹಳೆಯ ಸಂಚಿಕೆಗಳ ಮೈಕ್ರೊಫಿಲ್ಮ್ ಆ ರಾಜ್ಯದ ಗ್ರಂಥಾಲಯದಲ್ಲಿ ಇದ್ದೀತು. ಆ ಮೂರು ದಿನಗಳ ಪುಟಗಳನ್ನು ತರಿಸಿ ನೋಡಿ.

ಜರ್ಸಿತೀರ

ಪುಟಗಳು ಬಂದವು. ಬರೆಯಲು ಕುಳಿತು ಎರಡು ಸಲ ಎದ್ದುಹೋಗಿದ್ದೇನೆ.

1946ರ ಏಪ್ರಿಲ್ 19ರ ಸಂಚಿಕೆಯಲ್ಲಿ ಈ ಚಿತ್ರವಿಲ್ಲ. ರಾಬಿನ್‌ಸನ್ ಐದು ಸರದಿಗಳಲ್ಲಿ ನಾಲ್ಕು ಹಿಟ್ ಹೊಡೆದು, ಎರಡು ಬೇಸ್ ‘ಕದ್ದು’ (ಹೊಡೆತಕ್ಕೆ ಕಾಯದೆ ಮುಂದಿನ ಬೇಸಿಗೆ ಓಡಿ), ರಾಯಲ್ಸ್ 14–1ರಿಂದ ಗೆದ್ದ ಆ ಪಂದ್ಯಕ್ಕೆ ಒಳಪುಟದಲ್ಲಿ ಎಂಟು ಸಾಲು ಕೊಟ್ಟಿದ್ದಾರೆ. ಫೋಟೊ ತಂತಿಯಲ್ಲಿ ಬಂದು, ತೊಳೆದು, ಒಣಗಿ, ಠಸ್ಸೆ ಒತ್ತಿಸಿಕೊಂಡು ಕಪಾಟಿಗೆ ಹೋಗಿದೆ.

1947ರ ಏಪ್ರಿಲ್ 11ರಂದು ಬಳಸಿದ್ದಾರೆ, ಆದರೆ ಒಂದು ಅಂಕಣದ ಅಗಲಕ್ಕೆ, ರಾಬಿನ್‌ಸನ್ ಅವರ ಮುಖ ಮಾತ್ರ. ಮುಂಬದಿಯಲ್ಲಿರುವ ಕೆಂಪು ಚೌಕ ಆ ಮುಖದ ಸುತ್ತ ಎಳೆದದ್ದು. ಅದರ ಕೆಳಗಿನ ಗೆರೆ ಭುಜದ ಹತ್ತಿರ ಹಾದುಹೋಗುತ್ತದೆ. ಶೂಬಾ ಅವರೂ, ಕೂಡಿದ ಎರಡು ಕೈಗಳೂ ಚೌಕದ ಹೊರಗೆ ಉಳಿದಿವೆ. ಹಿಂಬದಿಯ ಮೊದಲ ತುಣುಕು ಅದೇ.

ಎರಡನೆಯ ತುಣುಕು 1972ರದು. ನಾಲ್ಕು ಅಂಕಣದ ಅಗಲಕ್ಕೆ, ಇಬ್ಬರೂ ಪೂರ್ತಿಯಾಗಿ, ಕೈ ಹಿಡಿದಂತೆಯೇ ಅಚ್ಚಾಗಿದ್ದಾರೆ. ಅಂದರೆ ಆ ಊರಿನ ಓದುಗರು ಈ ಹಸ್ತಲಾಘವವನ್ನು ತಮ್ಮ ಪತ್ರಿಕೆ ಈ ಹಾಳೆಯಿಂದ ಅಚ್ಚು ಹಾಕಿದಂತೆ ಕಂಡದ್ದು 26 ವರ್ಷಗಳ ನಂತರ, ಕೈ ಕುಲುಕಿದವರಲ್ಲಿ ಒಬ್ಬರು ಇಲ್ಲವಾದ ಮರುದಿನ. ಶೂಬಾ ಅವರು ಓಹಾಯೊದ ಯಂಗ್ಸ್‌ಟೌನ್‌ನ ತಮ್ಮ ಮನೆಯಲ್ಲಿ ಈ ಚಿತ್ರವನ್ನು ಗೋಡೆಗೆ ಹಾಕಿಕೊಂಡಿದ್ದರೆಂದು ಓದಿದ್ದೇನೆ. ಆ ಪತ್ರಿಕೆಯ ಕಪಾಟಿನಲ್ಲಿ ಅದೇ ವರ್ಷಗಳಲ್ಲಿ ಅವರ ಕೈ ಕತ್ತಲಲ್ಲಿತ್ತು.

ಹಾಗಾಗಿ ಮಾರುವುದಿಲ್ಲ. ಗಾಜುಫಲಕ ಅವರು ತಿಳಿಸಿದ ಫೈನ್ ಅವರ ಪ್ರತಿಯನ್ನು ಮುಂದೆಂದಾದರೂ ಹಣ ಕೂಡಿದಾಗ ನೋಡೋಣ.

ಗಾಜುಫಲಕ

ಇದನ್ನು ಓದಿದ ಮೇಲೆ ನನ್ನ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಟೈಪ್‌ಗಳ ಕ್ರಮ ಕೊಳ್ಳುವವನನ್ನು ಮೋಸದಿಂದ ಕಾಯುತ್ತದೆ, ಅದು ಬೇಕೇಬೇಕು ಎಂಬ ನಿಲುವನ್ನು ಬಿಡಲಾರೆ. ಆದರೆ ನನ್ನ ಕಪಾಟಿನಲ್ಲಿ ಟೈಪ್ 3 ಎಂದು ಬದಿಗಿಟ್ಟ ಒಂದು ಪೆಟ್ಟಿಗೆಯಿದೆ. ಅದರಲ್ಲಿ ನೂರಕ್ಕೂ ಹೆಚ್ಚು ವೈರ್‌ಫೋಟೊಗಳಿವೆ. ಒಂದರ ಹಿಂಬದಿಯನ್ನೂ ಓರೆ ಬೆಳಕಿನಲ್ಲಿ ಓದಿಲ್ಲ. ಈ ವಾರಾಂತ್ಯ ತೆಗೆಯುತ್ತೇನೆ.

ಮೂರುನದಿ ಅವರೇ, ಅಂಟಿಸಿದ ಪತ್ರಿಕಾ ಕಾಗದದ ಆಮ್ಲ ಕಾಲಾಂತರದಲ್ಲಿ ಫೋಟೊಕ್ಕೆ ಹಾನಿ ಮಾಡುವುದಿಲ್ಲವೇ? ನಾನು ಇದುವರೆಗೆ ಕೆಲವನ್ನು ಆವಿ ಹಿಡಿದು ಬಿಡಿಸಿದ್ದುಂಟು.

ಮೂರುನದಿ

ಹಾನಿ ನಿಧಾನವಾಗಿ ಆಗುತ್ತದೆ, ಆದರೆ ಬಿಡಿಸಿದರೆ ಆಗುವ ನಷ್ಟ ಆ ಕ್ಷಣದಲ್ಲೇ ಆಗುತ್ತದೆ. ಆವಿಯಂತೂ ಜೆಲಟಿನ್ ಪದರಕ್ಕೆ ಅಪಾಯ. ಒಂದು ಫೋಟೊದ ಹಿಂಬದಿ ಇನ್ನೊಂದರ ಮುಂಬದಿಗೆ ತಾಗದಂತೆ ಪ್ರತಿಯೊಂದನ್ನೂ ಬೇರೆ ಬೇರೆ ಲಕೋಟೆಯಲ್ಲಿಡಿ, ನಡುವೆ ಆಮ್ಲರಹಿತ ತೆಳುಹಾಳೆ ಇರಲಿ, ತಂಪಾದ ಒಣ ಜಾಗವಿರಲಿ. ಎರಡೂ ಬದಿಯ ಪಡಿಯಚ್ಚನ್ನು ಈಗಲೇ ತೆಗೆದುಬಿಡಿ. ನೂರೂ ತೆಗೆಯಿರಿ.

ಜರ್ಸಿತೀರ

ಕೊನೆಯದಾಗಿ ಒಂದು ವಿಷಯ. ರೂಸ್ವೆಲ್ಟ್ ಸ್ಟೇಡಿಯಂ ಈಗಿಲ್ಲ, 1985ರಲ್ಲಿ ಕೆಡವಿದರು. ಆ ಜಾಗದಲ್ಲಿ ಸೊಸೈಟಿ ಹಿಲ್ ಎಂಬ ವಸತಿ ಬಡಾವಣೆಯಿದೆ, ನಮ್ಮ ಕಡೆಯ ಪರಿಚಿತರೊಬ್ಬರ ಮನೆಯೂ ಅಲ್ಲಿದೆ, ಎಷ್ಟೋ ಸಲ ಊಟಕ್ಕೆ ಹೋಗಿದ್ದೇವೆ. ಕಳೆದ ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ, ಫೋಟೊದ ಪಡಿಯಚ್ಚನ್ನು ಅವಳ ಕೈಗೆ ಕೊಟ್ಟು, ಇದು ಇಲ್ಲೇ ನಡೆದದ್ದು ಎಂದು ಹೇಳಿದೆ. ಹೋಮ್ ಪ್ಲೇಟ್ ಎಲ್ಲಿತ್ತು ಎಂದು ಕೇಳಿದಳು. ಹಳೆಯ ವೈಮಾನಿಕ ಚಿತ್ರವೊಂದನ್ನು ಈಗಿನ ನಕ್ಷೆಯ ಮೇಲಿಟ್ಟು ಇಬ್ಬರೂ ಅಳೆಯುತ್ತಿದ್ದೇವೆ. ಲಕೋಟೆಯೊಳಗೆ ಬೇರೆ ಚೀಟಿಯಲ್ಲಿ, ಮೆದು ಪೆನ್ಸಿಲಿನಿಂದ, ಯಾವ ದಿನ ಯಾರಿಂದ ಬಂತು ಎಂಬುದನ್ನೂ ಮೂರು ತಾರೀಖುಗಳ ವಿವರವನ್ನೂ ಬರೆದು, ಸುತ್ತೋಲೆಯ ಪ್ರತಿಯೊಡನೆ ಇಟ್ಟಿದ್ದೇನೆ.